ಕುಂಕುಮದಡಿಯ ದೀಪ

ತಿಮ್ಮರಾಜುವಿನ ಫಾರಿನ್ ಕಾರು ನಮ್ಮೂರ ಸೀಸ ಬೆರೆತ ಪೆಟ್ರೋಲು ಕುಡಿದು, ಹೊಗೆಕೊಳವೆಯಲ್ಲಿ ಹೊಗೆ ಶುದ್ಧಮಾಡುವ ಕನ್ವರ್ಟರು ಕಟ್ಟಿಕೊಂಡಿತು. ಕಿಕ್ಕೇರಿಯ ವೆಲ್ಡರ್ ರುದ್ರಾಚಾರಿ ಅದನ್ನು ಕೊಯ್ದೆಸೆದು ಬರೀ ಪೈಪು ಬೆಸೆದ. ಕಾರು ಓಡಿತು, ಇಂಜಿನ್ನಿನ ಎಚ್ಚರಿಕೆ ದೀಪ ಮಾತ್ರ ಹತ್ತಿಕೊಂಡಿತು.

“ಏನ್ಲಾ ಆಚಾರಿ, ಇದು ಆರ್ತಾನೇ ಇಲ್ವಲ್ಲ?” ಎಂದ ತಿಮ್ಮರಾಜು.

“ಪೈಪಲ್ಲಿರೋ ಸೆನ್ಸರು ಹೊಗೆ ಮೂಸಿ ಗೊಣಗ್ತದೆ, ಬುಡ್ಲಾ,” ಎಂದ ರುದ್ರಾಚಾರಿ. ಆಯುಧಪೂಜೆಯ ದಿನ ಆ ದೀಪದ ಮೇಲೆಯೇ ದಪ್ಪಗೆ ಗಂಧ ಕುಂಕುಮ ಮೆತ್ತಿದ.

ದೀಪಾವಳಿ ಕಳೆದ ಮೇಲೆ ರುದ್ರಾಚಾರಿಯ ತಾಯಿಗೆ ಉಬ್ಬಸ ಏರಿತು. ಅದೇ ಕಾರಿನಲ್ಲಿ ಮೈಸೂರಿಗೆ ಹೊರಟರು. ಪಾಂಡವಪುರ ದಾಟುತ್ತಲೇ ಇಂಜಿನ್ನು ಕೆಮ್ಮಿ ನಿಂತಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ತಾಯಿಯ ಉಸಿರೂ ನಿಂತಿತ್ತು.

ರುದ್ರಾಚಾರಿ ಉಗುರಿನಿಂದ ಕುಂಕುಮ ಕೆರೆದ. ದೀಪ ಉರಿಯುತ್ತಲೇ ಇತ್ತು. ಇಂಜಿನ್ನು ನಿಜಕ್ಕೂ ಕೆಡುತ್ತಿದೆಯೆಂದು ಅದು ಹೇಳಿದ್ದರೂ, ಸದಾ ಉರಿಯುವ ದೀಪದಿಂದ ಯಾರಿಗೆ ತಿಳಿಯಬೇಕು? ಹಗಲಿರುಳು ಗೊಣಗುವಂತೆ ಮಾಡಿದವನೂ ತಾನೇ, ಬಾಯಿಗೆ ಕುಂಕುಮ ಮೆತ್ತಿದವನೂ ತಾನೇ.