ಸೊನ್ನೆ ಬರೆದ ಸ್ಯೊಮಿಟಿ

ಕಾರಿನಿಂದ ಇಳಿಯುವಾಗಲೇ ಮುತಿಸ್ಯನ ಕೈಯಲ್ಲಿ ಸ್ಪ್ಯಾನರ್ ಇತ್ತು. ಮಳೆಮಾಪಕ ಕಿತ್ತುಕೊಂಡು ಹೋಗಲು ಬಂದಿದ್ದಾನೆಂದು ಸ್ಯೊಮಿಟಿಗೆ ಕೇಳದೆಯೇ ತಿಳಿಯಿತು. ಕಿಟುಯಿ ಸೀಮೆಯ ಆ ಗುಡ್ಡದ ಶಾಲೆಯಲ್ಲಿ ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು ಪುಸ್ತಕದಲ್ಲಿ ಬರೆದವಳು ಅವಳು. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೂ ಬಿಟ್ಟಿರಲಿಲ್ಲ. ಗಂಡ ಸತ್ತ ದಿನವೂ ಒಂಬತ್ತಕ್ಕೆ ಎದ್ದು ಹೋಗಿ ಬರೆದು ಬಂದಿದ್ದಳು. ಊರವರು ಬಾಯಿಗೆ ಬಂದಂತೆ ಆಡಿಕೊಂಡಿದ್ದರು.

ಮುತಿಸ್ಯ ರಾಜಧಾನಿಯ ಯಾವುದೋ ಮಳೆ ಯೋಜನೆಯವನು. ಧೂಳು ಕಾಣದ ಬೂಟು, ಕೊರಳಿಗೆ ಗುರುತಿನ ಚೀಟಿ, ಮಾತೆತ್ತಿದರೆ ಉಪಗ್ರಹ. ಮೋಡ ಎಷ್ಟು ತಣ್ಣಗಿದೆಯೆಂದು ಮೇಲಿನಿಂದ ನೋಡಿ, ಕೆಳಗೆ ಎಷ್ಟು ಮಳೆ ಬಿತ್ತೆಂದು ಅಂದಾಜು ಮಾಡುವ ವಿದ್ಯೆ ಅವನದು. ವಿದ್ಯೆಯೇನೋ ದೊಡ್ಡದೇ. ಕಲಿತವನ ತಲೆ ಮಾತ್ರ ಚಿಕ್ಕದು.

“ಟೀಚರ್, ನವೆಂಬರ್ ಹದಿನೆಂಟಕ್ಕೆ ಸೊನ್ನೆ ಬರ್ದಿದೀರ. ಉಪಗ್ರಹ ಮೂವತ್ತೊಂದು ಮಿಲಿಮೀಟರ್ ಅಂತಿದೆ. ಆವತ್ತು ನಿದ್ದೆ ಜಾಸ್ತಿಯಾಯ್ತಾ?”

“ಎದ್ದೇ ಇದ್ದೆ ಕಣಪ್ಪಾ. ಮೋಡಾನೂ ಕಪ್ಪಗೆ ಕಟ್ಟಿತ್ತು. ಮಳೆ ಅರ್ಧ ದಾರಿವರ್ಗೂ ಇಳೀತು, ಬಿಸಿಗಾಳಿ ಅಲ್ಲೇ ಕುಡ್ಕೊಂಡ್ಬಿಡ್ತು. ಈ ಅಂಗಳಕ್ಕೆ ಬಂದಿದ್ದು ಬರೀ ಧೂಳು. ಧೂಳು ಅಳೆಯೋ ಗಾಜು ನೀವು ಕೊಟ್ಟಿಲ್ವಲ್ಲ!”

ಮುತಿಸ್ಯ ನಕ್ಕ. ಚೀಲದಿಂದ ಇನ್ನೊಂದು ಪುಸ್ತಕ ತೆಗೆದ. ಒಣನದಿಯ ಆಚೆ ಊರಲ್ಲಿ ಮಳೆ ಅಳೆಯುವ ಕಿಮೆಯುವಿನದು. “ಇದನ್ನ ನೋಡಿ ಕಲೀರಿ. ನೂರಕ್ಕೆ ತೊಂಬತ್ತೆಂಟು ಉಪಗ್ರಹಕ್ಕೆ ಹೊಂದುತ್ತೆ. ಅವ್ರಿಗೆ ಪ್ರಶಸ್ತಿ ಕೊಟ್ಟಿದೀವಿ.”

ಸ್ಯೊಮಿಟಿ ಕನ್ನಡಕ ಹಾಕಿಕೊಂಡಳು. ಮುತ್ತು ಪೋಣಿಸಿದಂಥ ಅಕ್ಷರ. ಒಂದು ಹಾಳೆಗೂ ಹನಿ ನೀರು ತಾಗಿರಲಿಲ್ಲ. ಹದಿನೆಂಟನೇ ತಾರೀಕಿನ ಮುಂದೆ 31.47 ಎಂದಿತ್ತು. ಅವಳು ಒಳಗೆ ಹೋಗಿ ಅಳತೆ ಗಾಜು ತಂದು ಅವನ ಮೂಗಿನ ಮುಂದೆ ಹಿಡಿದಳು.

“ಇದ್ರಲ್ಲಿ ಎಲ್ಲಕ್ಕಿಂತ ಚಿಕ್ಕ ಗೆರೆ ಎಷ್ಟರದು?”

“ಮಿಲಿಮೀಟರಿನ ಹತ್ತನೇ ಒಂದು ಭಾಗ.”

“ಕಿಮೆಯುಗೂ ಇದೇ ಗಾಜು ತಾನೇ? ಹಂಗಾದ್ರೆ ಕೊನೇಲಿರೋ ಈ ಏಳು ಅವ್ನಿಗೆ ಎಲ್ಲಿ ಕಾಣಿಸ್ತು? ಆ ಸೋಮಾರಿ ಮಾಪಕದ ಹತ್ರ ಹೋಗೇ ಇಲ್ಲ ಕಣೋ. ನಿಮ್ಮ ಉಪಗ್ರಹ ಹೇಳಿದ್ದನ್ನ ಫೋನಲ್ಲಿ ನೋಡಿ ಬರ್ಕೋತಾನೆ. ನೀವು ಅದನ್ನ ಮತ್ತೆ ಉಪಗ್ರಹಕ್ಕೇ ಹೋಲ್ಸಿ, ಆಹಾ, ಎಷ್ಟು ಸರಿಯಾಗಿದೆ ಅಂತ ಬೆನ್ನು ತಟ್ಕೋತೀರಿ!”

ಮುತಿಸ್ಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಚೀಲದಲ್ಲಿ ಇನ್ನೂ ಒಂಬತ್ತು ಊರಿನ ಪುಸ್ತಕಗಳಿದ್ದವು. ಒಂದೊಂದಾಗಿ ತೆರೆದ. ಎಲ್ಲದರಲ್ಲೂ ದಶಾಂಶ ಬಿಂದುವಿನ ನಂತರ ಎರಡೆರಡು ಅಂಕಿ. ಅವನು ಸುತ್ತಿದ ಊರುಗಳಲ್ಲಿ ನಿಜವಾಗಿ ಮಳೆ ಅಳೆಯುತ್ತಿದ್ದವಳು ಈ ಮುದುಕಿ ಒಬ್ಬಳೇ. ಇನ್ನಾದರೂ ಸ್ಪ್ಯಾನರ್ ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದುಕೊಂಡಳು ಸ್ಯೊಮಿಟಿ.

ಅವನು ಕೆಮ್ಮಿದ. ದನಿ ತಗ್ಗಿಸಿದ.

“ಟೀಚರ್, ಎಲ್ಲಾ ಹೊಂದುತ್ತೆ ಅಂತ ವರದಿ ಮೇಲಕ್ಕೆ ಹೋಗ್ಬಿಟ್ಟಿದೆ. ಒಂದ್ಕೆಲ್ಸ ಮಾಡೋಣ. ಮಾಪಕ ಇಲ್ಲೇ ಇರ್ಲಿ, ನೀವೂ ಇರಿ. ಬರ್ಯೋಕೆ ಮುಂಚೆ ಒಂದ್ಸಲ ಫೋನ್ ನೋಡ್ಬಿಡಿ, ಅಷ್ಟೇ. ಸ್ವಲ್ಪ ಹೊಂದಿಸ್ಕೊಂಡ್ರೆ ಯಾರಿಗೂ ತೊಂದ್ರೆ ಇಲ್ಲ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಎಂಥ ದಡ್ಡನ ಮೇಲೂ ಇಷ್ಟು ಹೇಸಿಗೆ ಹುಟ್ಟಿರಲಿಲ್ಲ. ಇಂಥವನ ಎದುರು ಕಣ್ಣು ತುಂಬಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸ್ಪ್ಯಾನರ್ ಕಿತ್ತುಕೊಂಡು ನಾಲ್ಕೂ ಬೋಲ್ಟನ್ನು ತಾನೇ ಬಿಚ್ಚಿ, ಮಾಪಕವನ್ನು ಎತ್ತಿ ಅವನ ತೋಳುಗಳಲ್ಲಿ ಇಟ್ಟಳು.

“ತಗೊಂಡ್ಹೋಗು. ಸುಳ್ಳು ಬರ್ಯೋಕೆ ಇದ್ಯಾಕೆ ಬೇಕು?”

ಆ ಗಂಡಸು ನಾಚಿಕೆ ಬಿಟ್ಟು ಅದನ್ನು ಕಾರಿನಲ್ಲಿಟ್ಟುಕೊಂಡು ಹೊರಟೇ ಹೋದ. ಮುಂದಿನ ವರದಿಯಲ್ಲಿ ಉಪಗ್ರಹದ ಜೊತೆ ಆ ಸೀಮೆಯ ಹೊಂದಾಣಿಕೆ ನೂರಕ್ಕೆ ನೂರು ಬಂತು.