ಪರದೆ ಕಂಬಿಯಾಗಬೇಕಿದ್ದ ಬಂದೂಕು

ಇಡೀ ಬೀದಿಗೆ ಕಣ್ಣು ಕೊಟ್ಟವನು ಕನ್ನಡಕದಂಗಡಿಯವನು. ಅಂಚೆಯವನಿಗೆ ಮನೆ ನಂಬರು ಕಾಣುವುದು, ಎದುರು ಮನೆಯಜ್ಜಿ ಸೂಜಿಗೆ ದಾರ ಪೋಣಿಸುವುದು, ಎಲ್ಲ ಅವನ ದಯೆ. ಆದರೆ ಅವನೇ ಐವತ್ತು ಹೆಜ್ಜೆ ದೂರದಲ್ಲಿ ನೇತುಹಾಕಿದ ತಗಡಿನ ತಟ್ಟೆಗೆ ನಾಲ್ಕು ವರ್ಷದಿಂದ ಗುಂಡು ಹೊಡೆಯುತ್ತಿದ್ದ, ಒಂದಾದರೂ ತಗುಲಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವನದು ಹಳೇ ಕಾಲದ ಚಕಮಕಿ ಬಂದೂಕು, ತೋಟಾ ತುರುಕಿ ಟಪ್ಪೆಂದು ಹೊಡೆಯುವ ಜಾತಿಯದಲ್ಲ. ಮೊದಲು ನಳಿಗೆಯೊಳಕ್ಕೆ ಅಳೆದು ಕರಿಮದ್ದು ಸುರಿಯಬೇಕು. ಆಮೇಲೆ ಕೊಬ್ಬು ಸವರಿದ ಒಂದು ದುಂಡು ಬಟ್ಟೆಚೂರು, ಅದರ ಮೇಲೊಂದು ಸೀಸದ ಗುಂಡು. ಎರಡನ್ನೂ ಗಜವೆಂಬ ಉದ್ದನೆಯ ಕೋಲಿನಿಂದ ತಳಮುಟ್ಟ ತಳ್ಳಬೇಕು. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಬೆರಳಲ್ಲಿ ಕುದುರೆ ಎಳೆದರೆ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಅರೆಕ್ಷಣ ಏನೂ ಆಗುವುದಿಲ್ಲ. ಆಮೇಲೆ ಧಡಾರ್! ಸುತ್ತಲೂ ಬೆಳ್ಳನೆಯ ಹೊಗೆ. ಆ ಹೊಗೆಯೊಳಗೆ ನಿಂತಾಗ ಅವನಿಗೆ ಆಗುವ ಖುಷಿಯೇ ಬೇರೆ. ಅಷ್ಟು ಹೊತ್ತು ಯಾರೂ ಬಂದು "ಈ ಫ್ರೇಮು ನನ್ನ ಮುಖಕ್ಕೆ ಒಪ್ಪುತ್ತಾ?" ಎಂದು ಕೇಳುವುದಿಲ್ಲ.

ಪರವಾನಗಿ ಪಡೆದ ಇಂಥ ಹೊಗೆಪ್ರೇಮಿಗಳು ಆರೇಳು ಜನ ಭಾನುವಾರ ಬೆಳಿಗ್ಗೆ ಊರಾಚೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ ಸೇರುತ್ತಿದ್ದರು. ಅವರ ಮುಖ್ಯಸ್ಥೆ, ಕೆಲಸದಿಂದ ನಿವೃತ್ತಳಾದರೂ ಗದರುವುದರಿಂದ ನಿವೃತ್ತಳಾಗದ ಹೆಡ್‌ಮೇಡಂ. ಅಲ್ಲಿ ಗುರಿಗೆ ಹೆಸರಾದವರು ಹಲ್ಲಿನ ಡಾಕ್ಟರು. ಅವರ ಗುಂಡು ತಟ್ಟೆಗೆ ಬಡಿದು ಠಣ್ ಎಂದಾಗಲೆಲ್ಲ ಕನ್ನಡಕದವನಿಗೆ ಹಲ್ಲು ಕಿತ್ತಷ್ಟು ನೋವಾಗುತ್ತಿತ್ತು.

ಇನ್ನು ಅವನ ಹೆಂಡತಿ. ಮನೆಯ ಮುಂಗೋಣೆಯಲ್ಲೇ ಹೊಲಿಗೆಯಂಗಡಿ ಇಟ್ಟ ಅವಳಿಗೆ ಎರಡು ವಸ್ತು ಕಂಡರಾಗದು: ಮೊಂಡು ಕತ್ತರಿ ಮತ್ತು ಈ ಬಂದೂಕು. ಕರಿಮದ್ದು ಹೊಡೆದ ನಳಿಗೆಯನ್ನು ಅಂದೇ ಬಿಸಿನೀರಲ್ಲಿ ತೊಳೆಯದಿದ್ದರೆ ತುಕ್ಕು ತಿನ್ನುತ್ತದೆ. ತೊಳೆದರೆ ಬಚ್ಚಲಮನೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ನಾಲ್ಕು ವರ್ಷ ಮೂಗು ಮುಚ್ಚಿಕೊಂಡ ಅವಳು ಈ ಸಲದ ವಾರ್ಷಿಕ ಪಂದ್ಯಕ್ಕೆ ಹದಿನೈದು ದಿನವಿರುವಾಗ ಅಳತೆ ಟೇಪು ಹಿಡಿದು ಬಂದು ಬಂದೂಕನ್ನು ಅಳೆದಳು. ಆಮೇಲೆ ಬೀದಿಕಿಟಕಿ ಅಳೆದಳು.

"ಸರಿಯಾಗಿದೆ," ಅಂದಳು.

"ಏನು ಸರಿಯಾಗಿದೆ?"

"ಅಳತೆ. ನೋಡ್ರೀ, ಪಂದ್ಯದಲ್ಲಿ ಹತ್ತು ಗುಂಡು ತಾನೇ? ಒಂದೇ ಒಂದು ಆ ತಟ್ಟೆಗೆ ತಾಗ್ಲಿ, ಇನ್ಮೇಲೆ ನಾನು ಬಾಯಿ ಬಿಡಲ್ಲ. ತಾಗ್ಲಿಲ್ವೋ, ಇದು ನನ್ನ ಕಿಟಕಿಗೆ ಪರದೆ ಕಂಬಿ."

"ಬಂದೂಕಿನ ಮರ್ಯಾದೆ ತೆಗೀಬೇಡ ಕಣೆ!"

"ನಾಲ್ಕು ವರ್ಷದಿಂದ ಅದನ್ನ ನೀವೇ ತೆಗೀತಿದ್ದೀರಲ್ಲ. ಪಂದ್ಯದ ದಿನ ನಾನೂ ಬರ್ತೀನಿ. ನಿಮ್ಮ ಮಾತು ಕೇಳಿ ನಂಬೋಕಾಗಲ್ಲ."

ಅವನು ಗಾಳಿಯನ್ನು ದೂರಿದ, ಕಲ್ಲನ್ನು ದೂರಿದ, ತಟ್ಟೆ ಕಟ್ಟಿದ ದಾರ ಡೊಂಕೆಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಟೇಪು ಸುತ್ತಿಕೊಂಡು ಹೋದಳು. ಬಾಯಲ್ಲಿ ತಮಾಷೆ ಮಾಡಿದರೂ ಅವನಿಗೆ ಹೆದರಿಕೆ ಹತ್ತಿತು. ಹಾಕಿದ ಅಳತೆಯನ್ನು ಅವಳು ಎಂದೂ ಬದಲಾಯಿಸಿದವಳಲ್ಲ. ವಾರ ಕಳೆಯುವುದರೊಳಗೆ ಪರದೆ ಹೊಲಿಯಲು ಬಟ್ಟೆ ತಂದಿದ್ದೂ ಆಯಿತು, ಅವಳು ಅದನ್ನು ಅಂಗಡಿಯ ಬೀರುವಿನಲ್ಲಿ ಬಚ್ಚಿಟ್ಟದ್ದೂ ಆಯಿತು.

ಪಂದ್ಯದ ದಿನ ಬೆಳಿಗ್ಗೆ ಅವನು ಬಟ್ಟೆಚೂರು ಕತ್ತರಿಸಲು ಕೂತ. ನಾಲ್ಕು ವರ್ಷವೂ ಅವನು ಚೂರು ಕತ್ತರಿಸುತ್ತಿದ್ದದ್ದು ಹೆಂಡತಿಯ ಚಿಂದಿಚೀಲದಿಂದ. ಅದರಲ್ಲಿ ಇರುತ್ತಿದ್ದದ್ದೆಲ್ಲ ನುಣುಪು ಪಾಲಿಯೆಸ್ಟರು. ಅದು ಮದ್ದಿನ ಬಿಸಿಗೆ ಕರಗುತ್ತದೆ, ಗುಂಡನ್ನು ಬಿಗಿಯಾಗಿ ಹಿಡಿಯುವುದಿಲ್ಲ ಎಂದು ಹೆಡ್‌ಮೇಡಂ ಇಪ್ಪತ್ತು ಸಲ ಹೇಳಿದ್ದಳು. ಪುಕ್ಕಟೆ ಸಿಕ್ಕದ್ದನ್ನು ಬಿಟ್ಟು ಬೇರೆ ಹುಡುಕುವ ಬುದ್ಧಿ ಅವನಿಗೆ ಬಂದಿರಲಿಲ್ಲ. ಇವತ್ತು ಮಾತ್ರ ಇಸ್ತ್ರಿಮೇಜಿನ ಮೇಲೆ, ಚಿಂದಿಚೀಲದ ಪಕ್ಕದಲ್ಲೇ, ನೀಲಿಗೆರೆಯ ಹತ್ತಿಬಟ್ಟೆಯ ಒಂದು ದಪ್ಪ ಅಟ್ಟಿ ಇತ್ತು. ಅವನು ಬೆರಳಲ್ಲಿ ತಿಕ್ಕಿ ನೋಡಿದ. ನೇಯ್ಗೆ ಬಿಗಿ. ಕನ್ನಡಕದ ಗಾಜು ಅಳೆಯುವ ಸಾಧನ ತಂದು ಅದರ ದಪ್ಪ ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ನಳಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಕತ್ತರಿಸಿ ಒಂದರ ಮೇಲೊಂದು ಪೇರಿಸಿದ ಚೂರುಗಳ ಅಟ್ಟಿ ಅದು ಎಂದುಕೊಂಡ. ಮಡಿಸಿಟ್ಟ ಬಟ್ಟೆಯೂ ಹಾಗೇ ಕಾಣುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅವನ ಸ್ವಂತ ಕನ್ನಡಕ ಆ ಹೊತ್ತು ಹಣೆಯ ಮೇಲಿತ್ತು.

ದುಂಡು ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದ, ಎಂಟು ಚೂರು. ಇನ್ನೊಂದೇಟು, ಇನ್ನೆಂಟು. ಹದಿನಾರನ್ನೂ ಡಬ್ಬಿಗೆ ತುಂಬಿ, ಅಟ್ಟಿಯನ್ನು ಇದ್ದಲ್ಲೇ ಇಟ್ಟು, ಸಿಳ್ಳೆ ಹಾಕುತ್ತಾ ಹೊರಟ.

ಗಣಿಯಲ್ಲಿ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಮಡಚು ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಅಳತೆ ಟೇಪು ಇತ್ತು, ಬೇಕಂತಲೇ ತಂದಿದ್ದಳು.

ಅವನು ಮೊದಲ ಗುಂಡು ಹೊಡೆದ. ಧಡಾರ್! ಹೊಗೆ. ಹೊಗೆಯಾಚೆಯಿಂದ ಒಂದು ಸದ್ದು.

ಠಣ್.

"ಯಾರು ಕಲ್ಲು ಎಸೆದದ್ದು?" ಎಂದು ಹೆಡ್‌ಮೇಡಂ ಗದರಿದಳು. ಯಾರೂ ಎಸೆದಿರಲಿಲ್ಲ. ತಟ್ಟೆ ತೂಗಾಡುತ್ತಿತ್ತು. ಎರಡನೆಯದೂ ಠಣ್. ಹಲ್ಲಿನ ಡಾಕ್ಟರ ಬಾಯಿ ಅವರ ರೋಗಿಗಳ ಬಾಯಿಯಷ್ಟೇ ಅಗಲವಾಗಿ ತೆರೆಯಿತು. ಹತ್ತರಲ್ಲಿ ಎಂಟು ತಾಗಿದವು. ಡಾಕ್ಟರದೂ ಎಂಟೇ ಆದ್ದರಿಂದ ಇಬ್ಬರಿಗೂ ಇನ್ನೂ ಆರು ಗುಂಡು ಕೊಟ್ಟರು. ಡಾಕ್ಟರು ನಾಲ್ಕು ಹೊಡೆದರು, ಕನ್ನಡಕದವನು ಐದು.

ಹೆಂಡತಿ ಕುರ್ಚಿ ಬೀಳಿಸಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. "ನಮ್ಮೋರು! ನಮ್ಮೋರು ಕಣ್ರೀ!" ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದಳು. ಅವಳು ತನ್ನನ್ನು ನೋಡಿ ಹೀಗೆ ಹಿಗ್ಗಿದ್ದು ಯಾವಾಗ ಎಂದು ನೆನಪಿಸಿಕೊಳ್ಳಹೋಗಿ, ಮದುವೆಯ ದಿನವೂ ಇಷ್ಟಿರಲಿಲ್ಲ ಎನ್ನಿಸಿ ಅವನ ಕಣ್ಣು ಒದ್ದೆಯಾಯಿತು. ತಪ್ಪನ್ನು ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡ.

ಅಷ್ಟಕ್ಕೇ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಅಲ್ಲೊಂದು ಪದ್ಧತಿ. ಗುಂಡಿನ ಜೊತೆ ಹಾರಿದ ಬಟ್ಟೆಚೂರು ಸ್ವಲ್ಪ ದೂರದಲ್ಲೇ ನೆಲಕ್ಕೆ ಬೀಳುತ್ತದೆ. ಅದನ್ನು ಹೆಕ್ಕಿ ತಂದು, ಎಲ್ಲಿ ಸುಟ್ಟಿದೆ, ಅಂಚು ಎಷ್ಟು ಬಿಚ್ಚಿದೆ ಎಂದು ನೋಡಿದರೆ ಮದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುತ್ತದೆ. ಗೆದ್ದವನ ಚೂರನ್ನು ಎಲ್ಲರೂ ನೋಡಲೇಬೇಕು. ಹೆಡ್‌ಮೇಡಂ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ನಡುವೆ ಬಟ್ಟೆ ಹಾಗೇ ಉಳಿದಿತ್ತು, ಸುತ್ತ ಕಂದುಬಣ್ಣದ ಬಳೆ, ಅಂಚು ಹೂವಿನ ಎಸಳಿನಂತೆ ಬಿಚ್ಚಿಕೊಂಡಿತ್ತು.

"ಶಭಾಷ್! ಬಟ್ಟೆ ಅಂದ್ರೆ ಇದು! ಎಲ್ಲಿ ಸಿಕ್ತಪ್ಪಾ? ತಗೋಮ್ಮ, ನೀನು ಹೊಲಿಗೆಯವಳು, ನೀನೇ ಹೇಳು ಇದು ಎಂಥ ಬಟ್ಟೆ ಅಂತ."

ಹೆಂಡತಿ ಚೂರನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಲ್ಲಿ ಮಸಿ ಒರೆಸಿದಳು. ನೀಲಿಗೆರೆ ಕಂಡಿತು. ಚಪ್ಪಾಳೆ ತಟ್ಟಿ ಕೆಂಪಾಗಿದ್ದ ಕೈ ಹಾಗೇ ನಿಂತಿತು.

"ರೀ."

ಮೂವತ್ತು ವರ್ಷದ ಸಂಸಾರದಲ್ಲಿ ಆ ಒಂದಕ್ಷರದ ಅರ್ಥವೆಲ್ಲ ಅವನಿಗೆ ಗೊತ್ತಿತ್ತು. ಹಣೆಯ ಮೇಲಿನ ಕನ್ನಡಕ ಕಣ್ಣಿಗೆ ಇಳಿಸಿದ.

"ಇದು... ಚಿಂದಿ ಅಲ್ವಾ?"

"ನಿನ್ನೆ ಹೊಲಿದು ಮುಗಿಸಿದ ಪರದೆ. ಇಸ್ತ್ರಿ ಮಾಡೋಣ ಅಂತ ಮಡಿಸಿಟ್ಟಿದ್ದೆ. ಎಷ್ಟು ಕತ್ತರಿಸಿದ್ರಿ?"

"ಎರಡೇ ಏಟು ಹಾಕಿದ್ದು ಕಣೆ."

"ಎಷ್ಟು ಮಡಿಕೆ ಇತ್ತು?"

"ಎಂಟು," ಅಂದ ಅವನು. ಹಲ್ಲಿನ ಡಾಕ್ಟರು ಸುಮ್ಮನಿರಲಾರದೆ "ಎಂಟೆರಡ್ಲ ಹದಿನಾರು" ಅಂದುಬಿಟ್ಟರು.

"ತಟ್ಟೆಗೆ ತಾಗಿದೆ. ಮಾತು ಮಾತೇ, ಬಂದೂಕು ನಿಮ್ಮದು," ಅಂದಳು ಅವಳು. ಧ್ವನಿ ತಣ್ಣಗಿತ್ತು, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಈಗ ಹದಿನಾರೂ ಹುಡುಕಿ ತನ್ನಿ. ಒಂದು ಕಮ್ಮಿಯಾದ್ರೂ ಮನೆ ಕಡೆ ತಲೆ ಹಾಕ್ಬೇಡಿ."

ಮಾಡಿದ್ದುಣ್ಣೋ ಮಹರಾಯ ಎಂದು ಆ ವರ್ಷದ ವಿಜೇತ ಗಣಿಯ ಹುಲ್ಲಿನಲ್ಲಿ ಅಂಬೆಗಾಲಿಟ್ಟ. ಸೋತ ಡಾಕ್ಟರೂ ಪಾಪವೆನ್ನಿಸಿ ಜೊತೆಗೆ ಇಳಿದರು. ಹದಿನೈದು ಸಿಕ್ಕವು. ಹದಿನಾರನೆಯದಕ್ಕೆ ಮಧ್ಯಾಹ್ನದವರೆಗೂ ಹುಡುಕಿದರು. ಕೊನೆಗೆ ಅದು ಹೆಡ್‌ಮೇಡಂ ಟೋಪಿಯ ಮೇಲೆ ಸಿಕ್ಕಿತು. ಅಷ್ಟು ಹೊತ್ತೂ ಆಕೆ ಪಕ್ಕದಲ್ಲೇ ನಿಂತು "ಸರಿಯಾಗಿ ಕಣ್ಣು ಬಿಟ್ಟು ನೋಡಿ!" ಎಂದು ಗದರುತ್ತಿದ್ದಳು.

ಮನೆಗೆ ಬಂದು ಪರದೆ ಬಿಡಿಸಿದರೆ, ತೂತುಗಳು ಅಡ್ಡಾದಿಡ್ಡಿ ಇರಲಿಲ್ಲ. ಮಡಿಕೆಯ ಲೆಕ್ಕಕ್ಕೆ ಸರಿಯಾಗಿ ಎರಡೆರಡಾಗಿ ಎಂಟು ಜೋಡಿ, ಗೆರೆ ಎಳೆದಂತೆ ಸಾಲಾಗಿದ್ದವು. ಹೆಂಡತಿ ಬಹಳ ಹೊತ್ತು ನೋಡಿದಳು. ಮೂರು ದಿನ ಗಂಡನ ಜೊತೆ ಮಾತು ಬಿಟ್ಟು, ಪರದೆಯ ಹಿಂದೆ ಬಿಳಿ ಬಟ್ಟೆ ಕೊಟ್ಟು, ಪ್ರತಿ ತೂತಿಗೂ ಹೆಕ್ಕಿ ತಂದ ಒಂದೊಂದು ಸುಟ್ಟ ಚೂರನ್ನು ಹೂವಿನಂತೆ ಕೂರಿಸಿ ಹೊಲಿದಳು. ನಾಲ್ಕನೆಯ ದಿನ ಅದನ್ನು ಸಾಧಾರಣ ಕಬ್ಬಿಣದ ಕಂಬಿಗೆ ಪೋಣಿಸಿ ಬೀದಿಕಿಟಕಿಗೆ ಹಾಕಿದಳು.

ಸಂಜೆಯ ಹೊತ್ತಿಗೆ ಎದುರು ಮನೆಯಜ್ಜಿ ಬಂದಳು. "ಏನಮ್ಮಾ, ಹೊಸ ನಮೂನೆಯಾ? ಹೂವು ಎಂಥ ಚೆನ್ನಾಗಿದೆ! ನಮ್ಮ ಮನೆಗೂ ಎರಡು ಹೊಲಿದು ಕೊಡು." ಮರುದಿನ ಅಂಚೆಯವನ ಹೆಂಡತಿ ಬಂದಳು. ಆಮೇಲೆ ಹಲ್ಲಿನ ಡಾಕ್ಟರ ಹೆಂಡತಿ ಆಸ್ಪತ್ರೆಗೆ ನಾಲ್ಕು ಬೇಕೆಂದು ಹೇಳಿಕಳಿಸಿದಳು. ಹೆಂಡತಿ ಮತ್ತೆ ಮಾತಾಡತೊಡಗಿದಳು. ಅವನು ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟ.

ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ಅವನು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿದ್ದ. ಬಲಭುಜ ಊದಿಕೊಂಡಿತ್ತು.

"ಏಳ್ರೀ! ಗಣಿಗೆ ಹೋಗಲ್ವಾ?"

"ಇವತ್ತೊಂದಿನ ಬಿಡೇ. ಹೋದ ವಾರ ಅರವತ್ನಾಲ್ಕು ಹೊಡೆದಿದ್ದೀನಿ."

"ಅದರಲ್ಲಿ ಮೂರು ಹರಿದೇ ಹೋಗಿದ್ವು, ಐದಕ್ಕೆ ಬಳೆ ಸರಿಯಾಗಿ ಮೂಡಿರ್ಲಿಲ್ಲ. ಮದ್ದು ಸ್ವಲ್ಪ ಕಮ್ಮಿ ಹಾಕಿ. ಇವತ್ತಿಗೆ ಎಂಬತ್ತು ಬೇಕು."

"ಎಂಬತ್ತು ಹೊಡೆದ್ರೆ ಗುರಿ ಎಲ್ಲಿ ನಿಲ್ಲುತ್ತೆ ಕಣೆ?"

"ನಿಮ್ಮ ಗುರಿ ಯಾರಿಗೆ ಬೇಕು? ಆಕಾಶಕ್ಕೆ ಬೇಡ, ಗುಡ್ಡಕ್ಕೆ ಹೊಡೀರಿ. ಬಟ್ಟೆ ನೆಟ್ಟಗೆ ಸುಟ್ರೆ ಸಾಕು."

ಅವನು ಎದ್ದು ಮಂಚದ ಮೇಲೆ ಕೂತ. ಬಂದೂಕು ಮೂಲೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಈಗೀಗ ಅದನ್ನು ತೊಳೆಯಲು ಹೆಂಡತಿಯೇ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು, ವಾಸನೆ ಎಂದು ಒಂದು ಸಲವೂ ಗೊಣಗಿರಲಿಲ್ಲ. ಅವನು ಬೀದಿಕಿಟಕಿಯನ್ನು ನೋಡಿದ, ಬಂದೂಕನ್ನು ನೋಡಿದ, ಮತ್ತೆ ಕಿಟಕಿಯನ್ನು ನೋಡಿದ.

"ಇವಳೇ," ಅಂದ ಮೆಲ್ಲಗೆ. "ಆ ಕಬ್ಬಿಣದ ಕಂಬಿ ನಡುವೆ ಸ್ವಲ್ಪ ಜಗ್ಗಿದ ಹಾಗಿದೆಯಲ್ಲ. ಅವತ್ತು ನೀನು ಟೇಪು ಹಿಡಿದು ಅಳೆದಿದ್ದೆ, ಅಳತೆ ಸರಿಯಾಗಿದೆ ಅಂದಿದ್ದೆ..."

ಅವಳು ಎಂಬತ್ತು ಚೂರಿನ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟು ಹೊಲಿಗೆ ಯಂತ್ರದ ಕಡೆ ಹೋದಳು.