ಭೀಮರಾಜುವಿನ ದೀಪ, ಟೀಚರಮ್ಮನ ಮೋಡ

ಕಾರ್ತಿಕ ಅಮಾವಾಸ್ಯೆಗೆ ಎರಡು ದಿನವಿತ್ತು, ರಾತ್ರಿ ಹತ್ತರ ಹೊತ್ತು. ಮಿಡಿಗೇಶಿ ಹೈಸ್ಕೂಲಿನ ವಿಜ್ಞಾನದ ಟೀಚರ್ ಶರಣ್ಯಾ ನಮ್ಮ ಕಣದಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಅದರ ಬುಡಕ್ಕೆ ಕ್ಯಾಮೆರಾ ಸಿಕ್ಕಿಸಿದ್ದಳು. ಸಾಲಾಗಿರುವ ಮೂರು ಚುಕ್ಕಿಯ ಕೆಳಗೆ ಒರೆಸಿದಂತೆ ಮಸುಕಾಗಿ ಕಾಣುವುದುಂಟಲ್ಲ, ಅದರ ಫೋಟೋ ಅವಳಿಗೆ ಬೇಕಿತ್ತು. ಶಿರಾ ಸಂತೆಗೆ ಗಾಡಿ ಕಟ್ಟುವ ಹೊತ್ತನ್ನು ನಮ್ಮಪ್ಪ ಆ ಮೂರು ಚುಕ್ಕಿ ನೋಡಿಯೇ ಹೇಳುತ್ತಿದ್ದ. ಕೆಳಗಿನದು ಚುಕ್ಕಿ ಹುಟ್ಟುವ ಮೋಡವೆಂದು ನನಗೆ ಗೊತ್ತಾದದ್ದು ಇವಳಿಂದ.

ಒಂದೇ ಸಲಕ್ಕೆ ಫೋಟೋ ಬರುವುದಿಲ್ಲವಂತೆ. ಎರಡೆರಡು ನಿಮಿಷದ್ದು ನೂರಾರು ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಇನ್ನೆರಡು ಗಂಟೆಯಷ್ಟು ಬಾಕಿಯಿತ್ತು. ಮಾರನೆಯ ದಿನ ಅವಳು ವರ್ಗವಾಗಿ ತುಮಕೂರಿಗೆ ಹೊರಡಬೇಕು. ಆ ಪೇಟೆ ಬೆಳಕಿನಲ್ಲಿ ಮೋಡ ಸಿಕ್ಕದು.

ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ನನ್ನ ತಮ್ಮನ ಮಗ ಭೀಮರಾಜು ಕಾಡುಹಂದಿ ಬೆದರಿಸಲು ಫೋಕಸ್ ಲೈಟ್ ಹಾಕಿದ. ಕಣವೆಲ್ಲ ಹಗಲಾಯಿತು.

"ತಾತ, ಫೋಟೋ ಎಲ್ಲ ಬೆಳ್ಳಗಾಗೋಯ್ತು," ಎಂದಳು ಶರಣ್ಯಾ. ದನಿಯಲ್ಲಿ ಅಳುವಿತ್ತು.

ಅವನು ಕೇಳಿದರೆ ಬಗ್ಗುವ ಆಸಾಮಿಯಲ್ಲ. ಇಬ್ಬರ ಹೊಲಕ್ಕೂ ಒಂದೇ ಪಂಪ್‌ಹೌಸ್. ಸದ್ದಿಲ್ಲದೆ ಹೋಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಕತ್ತಲಾಯಿತು.

"ತಾತ, ಇದೂ ನಿಂತೋಯ್ತು."

ಚುಕ್ಕಿ ಹೋದ ಕಡೆಗೆ ಟೆಲಿಸ್ಕೋಪ್ ತಿರುಗಿಸುವ ಮೋಟಾರಿಗೂ ಅವಳು ಆ ಪಂಪ್‌ಹೌಸಿನಿಂದಲೇ ವೈರು ಎಳೆದಿದ್ದಳು. ನನಗದು ಹೊಳೆದಿರಲಿಲ್ಲ.

ಭೀಮರಾಜು ಟಾರ್ಚ್ ಬೀಸಿಕೊಂಡು ಬಂದ. "ಯಾವನ್ಲಾ ಫ್ಯೂಸ್ ಕಿತ್ತೋನು?"

"ನಾನು ಕಣ್ಲಾ."

"ಈ ವಯಸ್ಸಲ್ಲಿ ಕಳ್ತನ ಕಲ್ತ್ಯಾ ದೊಡ್ಡಪ್ಪ? ಹಂದಿ ಕಡ್ಲೇಕಾಯಿ ಬಗೆದಾಕಿದ್ರೆ ನೀನ್ ಬತ್ತೀಯಾ ಕಾಯಕ್ಕೆ?"

"ಬತ್ತೀನಿ ನಡಿ."

ಶರಣ್ಯಾ ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಹಿಂದಿನ ರಾತ್ರಿಗಳಲ್ಲಿ ಕೂಡಿಸಿದ್ದು ಅಲ್ಲಿತ್ತು.

"ಇದೇನಮ್ಮ, ಒಲೇಲಿ ಕೆಂಡ ಊದ್ದಂಗೈತೆ. ನಮ್ಮೊಲದ ಮ್ಯಾಲೇ ಐತಾ ಇದು?"

"ಹೂಂ ಅಣ್ಣ, ಈಗ ನಿಮ್ಮೊಲದ ಮೇಲೇ ಐತೆ. ಅರ್ಧ ಆಗೈತೆ ಅಷ್ಟೆ."

"ಅರ್ಧಕ್ಕೇ ಬುಟ್ರೆ ಹೆಂಗೆ?" ನನ್ನ ಜೇಬಿಗೆ ತಾನೇ ಕೈಹಾಕಿ ಫ್ಯೂಸ್ ತೆಗೆದುಕೊಂಡ. ಮೊದಲು ಲೈಟಿನ ಸ್ವಿಚ್ ಆರಿಸಿದ, ಆಮೇಲೆ ಫ್ಯೂಸ್ ಹಾಕಿದ.

ಚುಕ್ಕಿ ಹುಡುಕಿ ಮತ್ತೆ ಹೊಂದಿಸಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ನಾವಿಬ್ಬರೂ ಖಾಲಿ ಡಬ್ಬ ಹಿಡಿದು ಬದುವಿನ ಮೇಲೆ ಕೂತು, ಸರಪರ ಸದ್ದಾದಾಗಲೆಲ್ಲ ಬಡಿದೆವು.

"ಬೀಡಿ ಹಚ್ಬೋದಾ ಟೀಚರಮ್ಮ?"

"ಬೇಡ ಅಣ್ಣ."

"ಹಂದಿಗಿಂತ ನಿನ್ ಕಾಟವೇ ಜಾಸ್ತಿ ಆಯ್ತಲ್ಲಮ್ಮ."

ಒಂದೂವರೆಗೆ ಅವಳು ಸಾಕೆಂದಳು. ಮೋಡ ಪೂರ್ತಿ ಸಿಕ್ಕಿತ್ತು. ಹಂದಿಗಳೂ ಹೊಲದ ಆ ಕೊನೆಯಲ್ಲಿ ಎರಡು ಸಾಲು ಕಡಲೆಕಾಯಿ ಮುಗಿಸಿದ್ದವು. ಅದನ್ನು ಅವಳ ಕಿವಿಗೆ ಹಾಕಬೇಡವೆಂದ ಭೀಮರಾಜು.

ಬೆಳಗಾದರೆ ಭಾನುವಾರ. ಶರಣ್ಯಾ ಮಧುಗಿರಿ ಮೇಲೆ ತುಮಕೂರಿಗೆ ಹೋಗುವ ಬಸ್ಸು ಹತ್ತಿ ಹೋದಳು.